ಟವಲು ಇಲ್ಲದ ಊರು

ಅಪ್ಪ ದನದ ದಲ್ಲಾಳಿ.
ಟವಲಿನ ಕೆಳಗೆ ಇನ್ನೊಬ್ಬನ ಕೈ ಹಿಡಿದು
ಬೆರಳಿಗೆ ಸಾವಿರ, ಗೆಣ್ಣಿಗೆ ಐನೂರು;
ಮುಖ ಮಾತ್ರ ಆಕಾಶ ನೋಡುತ್ತಿತ್ತು
ಮೋಡ ಎಣಿಸುವವನ ಹಾಗೆ.
ಒಳಗೆ ಏನು ಕುದುರಿತು, ಏನು ಮುರಿಯಿತು,
ಮೂಗುದಾರ ಹಿಡಿದು ನಿಂತ ನನಗೂ ತಿಳಿಯದು.
ತೆಲುಗಿಗಿಂತ, ಕನ್ನಡಕ್ಕಿಂತ ಮೊದಲು
ನಾನು ಕಲಿತದ್ದು ಆ ಭಾಷೆ.

ಟೊಮ್ಯಾಟೊ ಬೀಜದ ಕಂಪನಿಯವರು
ಟಾರ್ಗೆಟ್ ಮುಟ್ಟಿದ ಡೀಲರುಗಳನ್ನು
ಬ್ಯಾಂಕಾಕಿಗೆ ಕರಕೊಂಡು ಹೋದರು.
ಕೋಲಾರದಿಂದ ಹನ್ನೊಂದು ಜನ,
ಕೊರಳಿಗೆ ಹಳದಿ ದಾರ, ದಾರಕ್ಕೆ ಹೆಸರು,
ಚೀಲದಲ್ಲಿ ಹುರುಳಿಕಾಳಿನ ಚಟ್ನಿಪುಡಿ.
ಮುಳಬಾಗಿಲಿನ ಚಲಪತಿ ವಿಮಾನದಲ್ಲಿ
ಕಿಟಕಿ ತೆಗೆಯೋದು ಹೆಂಗೆ ಅಂತ ಕೇಳಿದ.
ಎರಡನೇ ರಾತ್ರಿ ಎಲ್ಲರೂ ಸೆಂಟು ಹೊಡಕೊಂಡು ವ್ಯಾನು ಹತ್ತಿದರು.
‘ನೀನ್ಯಾಕೆ ಬರಲ್ವೋ?’
‘ಹೊಟ್ಟೆ ಸರಿಯಿಲ್ಲಣ್ಣ.’
ಇದೇ ಹೊಟ್ಟೆ ಹಿಂದೆ
ಎರಡು ಸಲ ಹೆಣ್ಣು ನೋಡುವ ಶಾಸ್ತ್ರ ತಪ್ಪಿಸಿತ್ತು.

ಒಬ್ಬನೇ ಇಳಿದೆ.
ಒಂದಕ್ಷರ ಓದಲಾಗದ ಬೋರ್ಡುಗಳು,
ಯಾರ ಮಗ, ಎಷ್ಟು ಮಕ್ಕಳು ಅಂತ ಕೇಳದ ಬೀದಿ.
ಕೊರಳ ದಾರ ಬಿಚ್ಚಿ ಜೇಬಿಗೆ ಹಾಕಿದೆ.
ಮೂರು ತಿಂಗಳಿಂದ ಫೋನಿನಲ್ಲಿ ಹುಡುಕಿಟ್ಟಿದ್ದ ಗಲ್ಲಿ,
ಬಾಗಿಲ ಮೇಲೆ ಬಣ್ಣಬಣ್ಣದ ಪಟ್ಟಿಯ ಬಾವುಟ.
ಎದುರುಗಡೆ ನಿಂತು ಎರಡು ಎಳನೀರು ಕುಡಿದೆ.
ಒಳಗೆ ಹೋಗಲಿಲ್ಲ.
ಹೋದೆ ಅಂತ ಬರೆದರೆ ಪದ್ಯಕ್ಕೆ ಚೆನ್ನ,
ಹೋಗಲಿಲ್ಲ.
ಬಾಗಿಲಲ್ಲಿದ್ದ ಹುಡುಗ ಏನು ಕೆಲಸ ಅಂತ ಕೇಳಿದ.
‘ಸೀಡ್ಸ್’ ಅಂದೆ. ಅವನು ನಕ್ಕ.
ಮೂರು ಸೆಕೆಂಡು ತಡವಾಗಿ ನಾನೂ.

ವಾಪಸ್ಸು ದೋಣಿಯಲ್ಲಿ
ಎದುರು ಬೆಂಚಿಗೆ ಇಬ್ಬರು ಮುದುಕರು,
ನಡುವೆ ಸೊಪ್ಪಿನ ಚೀಲ.
ಒಬ್ಬ ಇನ್ನೊಬ್ಬನ ಕನ್ನಡಕ ತೆಗೆದು
ಹಬೆ ಊದಿ, ತನ್ನ ಅಂಗಿಯ ತುದಿಯಲ್ಲಿ ಒರೆಸಿ,
ಮತ್ತೆ ಮೂಗಿನ ಮೇಲೆ ಕೂರಿಸಿ,
ಕಿವಿಯ ಹಿಂದಿನ ಬಿಳಿಕೂದಲು ಸರಿಮಾಡಿದ.
ಅಷ್ಟೆ.
ದೋಣಿಯವಳು ಟಿಕೆಟ್ ಹರಿದಳು.
ನಾನು ನದಿ ನೋಡುವವನ ಹಾಗೆ ಅತ್ತೆ.

ಕೋಲಾರದಲ್ಲೂ ಗಂಡಸರು ಕೈ ಹಿಡಿಯುತ್ತಾರೆ.
ಡೂಮ್‌ಲೈಟ್ ಸರ್ಕಲ್ಲಿನಲ್ಲಿ ಸಂಜೆ
ಕಿರುಬೆರಳಿಗೆ ಕಿರುಬೆರಳು ಕೊಕ್ಕೆ ಹಾಕಿ
ಬೋಂಡ ತಿನ್ನುತ್ತ ರಸ್ತೆ ದಾಟುತ್ತಾರೆ.
ಯಾರೂ ತಿರುಗಿ ನೋಡುವುದಿಲ್ಲ,
ಅದಕ್ಕೇನೂ ಅರ್ಥವಿಲ್ಲ ಅಂತ ಎಲ್ಲರಿಗೂ ಗೊತ್ತು.
ಅಫ್ಸರನ ಕೈಯನ್ನು ನಾನು ಮಾತ್ರ
ಹಾಗೆ ಹಿಡಿಯಲಾರೆ.
ಹಿಡಿದರೆ ಅರ್ಥ ಬಂದುಬಿಡುತ್ತದೆ.
ಒಂಬತ್ತು ವರ್ಷ
ಅಂತರಗಂಗೆಯ ಬಂಡೆಗಳ ನಡುವೆ, ಅವನ ಐಷರ್ ಲಾರಿಯ ಕತ್ತಲಲ್ಲಿ,
ಆಮೇಲೆ ಬೆಳಗ್ಗೆ ಮಂಡಿಯಲ್ಲಿ
‘ಏನ್ ಸಾಹೇಬ್ರೇ, ರೇಟು ಹೆಂಗೆ?’

ಇವತ್ತು ಆರು ಗಂಟೆ.
ನೆಲದ ತುಂಬ ಒಡೆದ ಹಣ್ಣಿನ ರಸ, ಚಪ್ಪಲಿ ಅಂಟುತ್ತದೆ.
ಹರಾಜಿನವನು ಬಾಕ್ಸಿನ ಮೇಲೆ ನಿಂತು
ಮುನ್ನೂರಾ ಹತ್ತು, ಮುನ್ನೂರಾ ಇಪ್ಪತ್ತು ಅಂತ ಅರಚುತ್ತಾನೆ.
ಅಫ್ಸರ್ ತೂಕದ ಚೀಟಿಯನ್ನು
ತೋಳುದ್ದ ದೂರ ಹಿಡಿದು ಓದಲು ಹೆಣಗುತ್ತಾನೆ,
ಗಾಜಿನ ಮೇಲೆಲ್ಲ ಧೂಳು, ಒಂದು ಬೀಜ ಕೂಡ.
ಏನು ಮಾಡುತ್ತಿದ್ದೇನೆ ಅಂತ ಕೈಗೆ ತಿಳಿಯುವ ಮೊದಲೇ
ಅವನ ಕನ್ನಡಕ ನನ್ನ ಕೈಲಿತ್ತು.
ಹಬೆ ಊದಿದೆ. ಅಂಗಿಯ ತುದಿಯಲ್ಲಿ ಒರೆಸಿದೆ.
ಚಲಪತಿ ನೋಡಿದ. ನೋಡಿ ಏನಂದುಕೊಂಡನೋ.
ಹಮಾಲಿ ‘ಸೈಡು, ಸೈಡು’ ಅಂತ
ನಮ್ಮಿಬ್ಬರ ನಡುವೆಯೇ ತೂರಿ ಹೋದ.
ಕನ್ನಡಕವಿಲ್ಲದ ಬರಿಗಣ್ಣು ಕಿರಿದು ಮಾಡಿ
ನನ್ನನ್ನೇ ನೋಡುತ್ತ ನಿಂತ ಅಫ್ಸರ್,
ಆಕಾಶ ನೋಡಲಿಲ್ಲ.

ಹಾಕಿಕೊಂಡ ಮೇಲೆ ಅಂದ:
‘ಎಡಗಡೇದು ಇನ್ನೂ ಮಬ್ಬೈತೆ.’