ಕುಸುಬಿ

ಗುಂತಕಲ್ಲಿಗಿ ವರ್ಗ ಆದ ದಿನ
ದೇವಸಹಾಯಂ ಸಾಹೇಬರ ಸಣ್ಣ ಮಗ
ಎರಡೂ ಕೈಯಾಗ ಗಾಜಿನ ಪೆಟ್ಟಿಗಿ ಹಿಡಕೊಂಡು
ನನ್ನ ಕ್ವಾರ್ಟರ್ಸ್ ಬಾಗಲದಾಗ ನಿಂತಿದ್ದ.
ಅಂಕಲ್, ನಿಮ್ಮನಿಯಾಗ ಬ್ಯಾಡ ಅನ್ನೋರು ಯಾರೂ ಇಲ್ಲಲ್ಲ, ಅಂದ.
ಅದೊಂದೇ ನನ್ನ ಅರ್ಹತಾ.

ಸಂಗಟ ಅರಣ್ಯ ಇಲಾಖೆ ಕಾಗದ, ಒಂದು ನೋಟ್‌ಬುಕ್ ಹಾಳಿ,
ಐಸ್‌ಕ್ರೀಮ್ ಡಬ್ಬಿಯಾಗ ಎಂಟು ಇಲಿಮರಿ, ಕಲ್ಲಿನಂಗ ಗಟ್ಟಿ.
ಮೊದಲ ಸಲ ಸಾಕೋರಿಗಿ ಇದೇ ಸಸಾರ,
ವಿಷ ಇಲ್ಲ, ಸಿಟ್ಟೂ ಇಲ್ಲ.

ಜೋಳದ ಹಾವು ಅಂತಾರ ಇದಕ್ಕ
ಅಂತ ಡ್ಯೂಟಿ ರೂಮಿನಾಗ ಹೇಳಿದ್ದೇ ತಪ್ಪಾಯ್ತು.
ಬಿಳಿ ಜ್ವಾಳ ತಿಂತದೋ ಹೈಬ್ರಿಡ್ಡೋ? ಅಂದ ಹಣಮಂತ್ರಾಯ,
ನಿನ್ನ ಸಂಗಟ ರೊಟ್ಟಿಗಿ ಕುಂದುರ್ತದೇನು!

ಹಾಳಿ ಮ್ಯಾಲ ಹುಡುಗನ ಗುಂಡನ್ನ ಅಕ್ಷರ:
ಪೆಟ್ಟಿಗಿ ಒಂದು ಬಾಜು ಬೆಚ್ಚಗ, ಒಂದು ಬಾಜು ತಂಪ.
ಬೆಚ್ಚಗಿನ ಬಾಜು ಮೂವತ್ತು ಡಿಗ್ರಿ. ಹೀಟರ್ ಹಚ್ಚಬೇಕು.
ವಾಡಿ ಮೇ ತಿಂಗಳಿಗಿ ಇದನ್ನ ಯಾರು ಓದಿ ಹೇಳಬೇಕು?
ನಲವತ್ತಮೂರು.
ಹೀಟರ್ ಅಟ್ಟಕ್ಕ ಒಗದು ತಂಪ ಹುಡಕ್ಕೋತ ಹೊಂಟೆ.
ಒಡಕ ಗಡಗಿ ಅರ್ಧ, ಶಹಾಬಾದ್ ಫರಸಿ ತುಂಡು,
ಹಸಿ ಗೋಣಿತಟ್ಟು,
ಕರೆಂಟ್ ಹೋದ್ರ ಬೀಸಲಕ ಹಳೀ ಹಾಜರಿ ಬುಕ್ಕು.
ಹಾವಿಗಿ ಗಾಳಿ ಬೀಸ್ತಾನಲೇ, ಅಂತ
ಸಾಲಿ ಹುಡುಗುರು ಕಿಟಕ್ಯಾಗ ಹಣಿಕಿ ಹಾಕಿ ನಗ್ತಿದ್ವು.

ಮೊದಲ ವಾರ ಮುಟ್ಟಬ್ಯಾಡ.
ಉಂಡ ಮ್ಯಾಲ ಎರಡು ದಿನ ಮುಟ್ಟಬ್ಯಾಡ.
ಕಣ್ಣು ಹಾಲಿನಂಗ ಆದಾಗ ಮುಟ್ಟಬ್ಯಾಡ.
ಹಿಂಗಾದ್ರ ಸಾಕೋದು ಅಂದ್ರ ಏನಪಾ?
ಗಾಜಿನ ಮುಂದ ಖುರ್ಚಿ ಹಾಕೊಂಡು ಕುಂತೆ.

ಕಿವಿ ಕಾಣಂಗಿಲ್ಲ ಅದಕ್ಕ. ಆದ್ರ ಸಿಮೆಂಟಿನ ಗೂಡ್ಸ್ ಬರೋದು
ನನಕಿಂತ ಮೊದಲ ಗೊತ್ತಾಗ್ತದ.
ಫರಸಿಗಿ ಗದ್ದ ಹಚ್ಚಿ ಮಲಗಿದ್ದು
ಸಾವಕಾಶ ತೆಲಿ ಎತ್ತತದ.
ಆಮ್ಯಾಲ ಗಿಲಾಸು ನಡಗತದ, ಆಮ್ಯಾಲ ಬಾಗಲ ಚಿಲಕ,
ಆಮ್ಯಾಲ ನಾನು.
ಇಪ್ಪತ್ತೆರಡು ವರ್ಷ ಸಿಗ್ನಲ್ ತಂತಿ ಕಾದಾವ ನಾ.
ನಮ್ಮಿಬ್ಬರದೂ ಒಂದೇ ಖಾತೆ ಅನಸ್ತದ.

ಪಂಚಮಿ ದಿನ ಬಾಜೂಮನಿ ಚಂದಮ್ಮ
ಹಿತ್ತಾಳಿ ಗಿಂಡಿಯಾಗ ಹಾಲು ತಂದ್ಲು.
ಕುಡಿಯಂಗಿಲ್ಲವ್ವ, ಇದು ಬ್ಯಾರೆ ದೇಶದ್ದು, ಅಂದೆ.
ದೇಶ ಬ್ಯಾರೆ ಆದ್ರ ಪಂಚಮಿ ಬ್ಯಾರೇನು? ಅಂದು
ಗಾಜಿಗಿ ಕುಂಕುಮ ಹಚ್ಚಿ ಹೋದ್ಲು.
ಹಾಲು ಚಹಾ ಆಯ್ತು.
ಕುಂಕುಮ ಇನ್ನೂ ಅದ, ಒರಸಲಕ ಮನಸಾಗಿಲ್ಲ.

ಹೆಸರಿಡಬಾರದು ಅಂತ ಇದ್ದೆ,
ಕರದ್ರ ಬರೋದಲ್ಲ, ಮತ್ಯಾಕ?
ಒಂದಿನ ರಾತ್ರಿಪಾಳಿ ಮುಗಿಸಿ ಬಂದು ನೋಡ್ತೀನಿ,
ಗಡಗಿ ಕಂಠಕ್ಕ ಸಿಕ್ಕೊಂಡು ಪೊರಿ,
ತುಟಿಯಿಂದ ಬಾಲದ ತುದೀತನಕ ಎಲ್ಲೂ ಹರದಿಲ್ಲ,
ಕಣ್ಣಿನ ಮ್ಯಾಲಿನ ಮುಚ್ಚಳ ಸೈತ ಅದ ಅದರಾಗ.
ಅದರಾಚಿ ಅದು, ಈಗಷ್ಟೇ ಬಿಡಿಸಿದಂಗ,
ಚಿತ್ತಾಪುರ ರಸ್ತೆ ಬಾಜೂಕ ಬಲಿತ ಕುಸುಬಿ ಹೂವಿನ ಬಣ್ಣ.
ಬಾಯಿಗಿ ತಾನೇ ಬಂತು ಹೆಸರು.

ಕೈ ಒಳಗ ಬಿಟ್ಟೆ. ಬೆವತಿತ್ತು ಕೈ.
ನಾಲಗಿ ಚಾಚಿ ಒಂದು ಸಲ ಕೇಳ್ತು,
ಇನ್ನೊಂದು ಸಲ ಕೇಳ್ತು.
ಮಣಿಕಟ್ಟಿಗಿ ಏರಿ, ಗಡಿಯಾರದ ಪಟ್ಟಿ ಕೆಳಗ ತೆಲಿ ತೂರಿಸಿ
ಅಲ್ಲೇ ನಿಂತ್ಬಿಡ್ತು.

ಆಗ ಬಂತು ಗೂಡ್ಸ್.
ಈ ಸಲ ಗಿಲಾಸಿಗಿಂತ ಮೊದಲ ನನಗೂ ಗೊತ್ತಾಯ್ತು,
ಎಲುಬಿನ ಸುತ್ತ ಅದು ಬಿಗೀತು.
ವ್ಯಾಗನ್ ಒಂದೊಂದೇ ದಾಟಿದ್ವು.
ಲೈಟ್ ಸೈತ ಹಚ್ಚಲಾರದ ನಿಂತಿದ್ದೆ.
ಬ್ರೇಕ್‌ವ್ಯಾನ್ ಹೋದ ಮ್ಯಾಲ
ಸಡಿಲಾಯ್ತು.