ನಳಿಗೆಯೊಳಗಿನ ನೆರಳು

ಲಿತ್‌ಗೋ ಊರಿನ ಚಳಿ ಬೆಟ್ಟದಿಂದ ಇಳಿಯುವುದಿಲ್ಲ,
ಕಲ್ಲಿದ್ದಲು ತೆಗೆದ ಪೊಳ್ಳು ನೆಲದಿಂದ ಏಳುತ್ತದೆ.
ಬುಧವಾರ ಹತ್ತು ಗಂಟೆಗೆ, ಅದರ ಬೆನ್ನಿಗೇ,
ಬರುತ್ತಿದ್ದರು ಡೆನ್ಜಿಲ್ ಟ್ರೆವಾಸ್ಕಿಸ್.
ಎಂಬತ್ತಮೂರು. ಎಡಗಿವಿ ಬಂದೂಕಿನ ಕಾರ್ಖಾನೆಗೆ ಕೊಟ್ಟಾಗಿತ್ತು.
ಕೋಟಿನ ಜೇಬಲ್ಲಿ ಒಂದು ಸೇಬು, ಒಂದು ಭೂತಗನ್ನಡಿ,
ಎರಡನ್ನೂ ಒಂದೇ ಕರವಸ್ತ್ರದಲ್ಲಿ ಒರೆಸುವರು.

ನಾನು ಹಟ್ಟಿ ಗಣಿಯ ಲೋಹಪರೀಕ್ಷಕರ ಮಗಳು.
ಕಣ್ಣನ್ನು ನಂಬಬೇಡ, ಬೆಂಕಿಯನ್ನು ನಂಬು
ಎಂದು ಅಪ್ಪ ಮೂಸೆಯ ಮುಂದೆ ಕೂರಿಸಿ ಕಲಿಸಿದ್ದರು.
ಆದ್ದರಿಂದ ಮ್ಯೂಸಿಯಮ್ಮಿನ ಆ ಉದ್ದ ಮೇಜಿನಲ್ಲಿ
ನನ್ನ ಕಡೆ ಮಾಪಕ, ಪಟ್ಟಿ, ಮೂರು ದಪ್ಪ ಪುಸ್ತಕ;
ಅವರ ಕಡೆ ಎರಡು ಕೈ.

ಆ ದಿನ ಬಂದಾಕೆ ರೈಲ್‌ಸ್ಟನ್ ಕಡೆಯ ಇಸೊಬೆಲ್ ಕಿನ್‌ಸೆಲ್ಲ,
ಉಣ್ಣೆಯ ಗೋಣಿಯಲ್ಲಿ ಸುತ್ತಿದ ಬಂದೂಕು.
"ನಮ್ಮ ಮುತ್ತಜ್ಜ ಗಲಿಪೊಲಿಯಲ್ಲಿ ಹಿಡಿದದ್ದು."
ನಾನು ಮಾಪಕ ಹಿಡಿದೆ, ಪುಟ ತಿರುವಿದೆ.
ನಳಿಗೆಯ ಮೇಲೆ ನಲವತ್ತೊಂದು ಎಂಬ ಅಂಕಿ.
ಮರದ ಮೇಲೆ ಟೆನಿಸ್ ರಾಕೆಟ್ಟು ಮಾಡುವ ಕಂಪನಿಯ ಮೊಹರು.
ಹದಿನೈದರ ಯುದ್ಧಕ್ಕೆ ನಲವತ್ತೊಂದರ ನಳಿಗೆ!
ಬೆರಕೆ ಮಾಲು, ಅಂದೆ, ಕನ್ನಡದಲ್ಲಿ, ಮೆಲ್ಲಗೆ;
ನನ್ನ ಮುಖ ಅದನ್ನಾಗಲೇ ಇಂಗ್ಲಿಷಿಗೆ ತಂದಿತ್ತು.

ಟ್ರೆವಾಸ್ಕಿಸ್ ಏನೂ ಅನ್ನಲಿಲ್ಲ.
ಮೊದಲು ಬೋಲ್ಟು ಎಳೆದು, ಕಿರುಬೆರಳು ತೂರಿಸಿ,
ಒಳಗೆ ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡರು.
ನಾನು ಮರೆತಿದ್ದೆ.
ಆಮೇಲೆ ಮರವನ್ನು ಮೂಸಿದರು,
ಹಸುಗೂಸಿನ ನೆತ್ತಿ ಮೂಸುವ ಹಾಗೆ.
"ಕೋಚ್‌ವುಡ್. ಇನ್ನೂ ಒಣಹುಲ್ಲಿನ ಗಮಲು."
ಆಮೇಲೆ ನಳಿಗೆಯನ್ನು ಕಿಟಕಿಯತ್ತ ಎತ್ತಿ
ಕಣ್ಣಿಟ್ಟು ನಿಂತರು, ಹೊರಗೊಂದು ಗೂಡ್ಸು ರೈಲು
ಬಾಲದ ಡಬ್ಬಿಯ ತನಕ ದಾಟಿ ಹೋಗುವಷ್ಟು ಹೊತ್ತು.

"ಕಿಟಕಿಯ ಅಡ್ಡಪಟ್ಟಿ ಒಳಗೆ ನೆರಳಾಗಿ ಬೀಳುತ್ತದೆ.
ನಳಿಗೆ ನೆಟ್ಟಗಿದ್ದರೆ ನೆರಳೂ ನೆಟ್ಟಗೆ.
ಅದು ಸೊಂಟ ತಿರುವಿದ ಕಡೆ ಒಂದು ಏಟು. ಎರಡಲ್ಲ, ಒಂದು.
ಇದು ಕ್ಲಾರಿಯ ಏಟು. ಎಡಚ. ನನಗೆ ಕಲಿಸಿದವನು."
(ನಂಬಬೇಕೋ ಬೇಡವೋ ಇವತ್ತಿಗೂ ಗೊತ್ತಿಲ್ಲ ನನಗೆ.)

ಹಿಡಿಯ ಹತ್ತಿರದ ಗ್ರೀಸು ಒರೆಸಿ ಹೆಬ್ಬೆರಳು ಒತ್ತಿದರು;
ಎತ್ತಿದಾಗ ಬೆರಳಲ್ಲಿ ಅಚ್ಚು: ಕಿರೀಟ, ಅದರಡಿ ಹದಿನಾಲ್ಕು.
"ಒಡಲು ಹಳೆಯದು. ಅಂಗಿ ಹೊಸದು, ಅಷ್ಟೆ.
ಎರಡನೇ ಸಲ ಯುದ್ಧ ಬಂದಾಗ ಹಳಬರನ್ನೆಲ್ಲ ಕರೆಸಿ
ಹೊಸ ಬಟ್ಟೆ ತೊಡಿಸಿ ಮತ್ತೆ ಕಳಿಸಿದರು."
ಪುಸ್ತಕದಲ್ಲೂ ಇತ್ತು ಅದು, ಅಡಿಟಿಪ್ಪಣಿಯಲ್ಲಿ.
ಅಷ್ಟು ಕೆಳಗೆ ಇಳಿಯುವ ವ್ಯವಧಾನ ನನಗಿರಲಿಲ್ಲ.

"ಹಾಗಾದರೆ ನಮ್ಮ ಮುತ್ತಜ್ಜನದೇ?" ಎಂದಳು ಇಸೊಬೆಲ್.
ಹೌದು ಎಂದುಬಿಡಬಹುದಿತ್ತು.
ಆಕೆ ಎಂಬತ್ತು ಮೈಲಿ ಬಂದಿದ್ದಳು, ಹೊಸ ಕೋಟು ತೊಟ್ಟಿದ್ದಳು.
ಟ್ರೆವಾಸ್ಕಿಸ್ ಭೂತಗನ್ನಡಿಯನ್ನು ಜೇಬಿಗಿಳಿಸಿದರು.
"ಗೊತ್ತಿಲ್ಲ, ತಾಯಿ. ಹುಟ್ಟಿದ ವರ್ಷ ಹೇಳುತ್ತದೆ ಕಬ್ಬಿಣ,
ಹಿಡಿದ ಕೈ ಯಾವುದೆಂದು ಹೇಳುವುದಿಲ್ಲ."
ಆಕೆ ತಲೆಯಾಡಿಸಿದಳು. ಅಳಲಿಲ್ಲ.
ಟೀ ಎಲ್ಲಿ ಸಿಗುತ್ತದೆ ಎಂದು ಕೇಳಿದಳು.

ಸೇಬು ಕೊಯ್ಯುತ್ತಿದ್ದವರನ್ನು ಕೇಳಿದ್ದೆ ಆ ಮಧ್ಯಾಹ್ನ:
ಸಾವಿರಾರು ನಳಿಗೆ ನೆಟ್ಟಗೆ ಮಾಡಿದಿರಿ, ಒಂದನ್ನಾದರೂ ಹಾರಿಸಿದಿರಾ?
"ಮೊಲಕ್ಕೂ ಇಲ್ಲ," ಎಂದರು. ಹೋಳು ಕೊಟ್ಟರು.

ಕಾರ್ಡಿನಲ್ಲಿ ಬರೆದೆ: ಒಡಲು ೧೯೧೪. ನಳಿಗೆ ೧೯೪೧.
ಹಿಡಿದವರು: ತಿಳಿದಿಲ್ಲ.
ನೋಡಿದವರು: ಡಿ. ಟ್ರೆವಾಸ್ಕಿಸ್.
ನನ್ನ ಹೆಸರಿಗೂ ಜಾಗವಿತ್ತು. ಬರೆಯಲಿಲ್ಲ.

ಈಗ ಬುಧವಾರ ಚಳಿಯೊಂದೇ ಬರುತ್ತದೆ.
ಅದೇ ಕಿಟಕಿ, ಅದೇ ಅಡ್ಡಪಟ್ಟಿ. ಕಣ್ಣಿಡುತ್ತೇನೆ:
ಐದು ಗೀರು, ಎಡಕ್ಕೆ ಸುತ್ತುತ್ತ ಸುತ್ತುತ್ತ
ದೂರ ಹೋಗುವ ಬೆಳಕು.
ನೆರಳಿಲ್ಲ.
ಹೋದ ತಿಂಗಳೊಮ್ಮೆ ಕಂಡ ಹಾಗಾಯಿತು, ತುಸು ಬಾಗಿದಂತೆ.
ನನ್ನ ರೆಪ್ಪೆಯೋ ಏನೋ.