ಚಳಿಗೆ ಏಳದ ಟಿ.ವಿ.

ಹಡಪದ ಗುರುಲಿಂಗಪ್ಪ ಟಿ.ವಿ. ತಂದ,
ಅಂಗಡಿ ಟವೆಲ್ಲಿನಾಗ ಸುತ್ತಿ, ಸೈಕಲ್ ಮ್ಯಾಲ,
ಜ್ವರ ಬಂದ ಕೂಸಿನ ದವಾಖಾನಿಗಿ ತಂದಂಗ.

"ಬ್ಯಾಸಗ್ಯಾಗ ಛಲೋ ಇತ್ತು ನಸೀಮಕ್ಕ,
ಚಳಿ ಬಿತ್ತು ನೋಡು, ಮುಂಜಾನಿ ಏಳವಲ್ದು.
ಕೆಂಪು ದೀಪ ಮಿಣುಕ್ ಮಿಣುಕ್ ಅಂತದ,
ಹನ್ನೆರಡು ಹೊಡದಮ್ಯಾಲ ತಾನೇ ಹತ್ತತದ.
ಅಷ್ಟೊತ್ತಿಗಿ ಗಿರಾಕಿ ಗಡ್ಡ ಮಾಡಿಸ್ಕೊಂಡು
ಮನಿ ಸೇರಿರ್ತಾರ."

ಸ್ಟೇಷನ್ ಕಡಿ ಮಿಸ್ತ್ರಿ ಪ್ಯಾನಲ್ ಹೋಗ್ಯದ ಅಂದನಂತ.
ಸ್ಕ್ರೂ ಬಿಚ್ಚಿದೆ. ಹನ್ನೊಂದು ಇರಬೇಕಾದಲ್ಲಿ ಏಳು.
ಒಳಗ ನಮ್ಮ ಶಹಾಬಾದ್ ಊರೇ ಕೂತಿತ್ತು:
ಕಲ್ಲು ಪಾಲಿಶ್ ಮಾಡೋ ಮಷೀನಿನ ಬಿಳಿ ಧೂಳು,
ಊರ ಮಂದಿಯ ಕರೀ ಕೂದಲು, ನರಿ ಕೂದಲು,
ಮೆಹಂದಿ ಹಚ್ಚಿದ್ದೂ ಎರಡೆಳಿ,
ಕಾಲು ಮ್ಯಾಲ ಮಾಡಿ ಸತ್ತ ಒಂದು ಜಿರಳಿ.
ಹಲ್ಲುಜ್ಜೋ ಹಳೇ ಬ್ರಷ್ಷಿನಿಂದ ಎಲ್ಲಾ ಹೊರಗ ಹಾಕಿದೆ.

ಮೊದಲು ದೊಡ್ಡ ಕೆಪಾಸಿಟರ್.
ಪ್ಲಗ್ ಕಿತ್ತಮ್ಯಾಲೂ ಮುನ್ನೂರು ವೋಲ್ಟ್
ಹೊಟ್ಟ್ಯಾಗ ಇಟ್ಕೊಂಡು ಗಪ್ ಕೂತಿರ್ತದ.
ಅಬ್ಬಾನ ಹೆಬ್ಬೆರಳ ಕರೀ ಕಲಿ ನನಗಿದು ಕಲಿಸಿದ್ದು.
ಅವರು ಮುಟ್ಟೋ ಮೊದಲು ಬಿಸ್ಮಿಲ್ಲಾ ಅಂತಿದ್ರು.
ನಾನೂ ಅಂತೀನಿ, ಅಂದು ಬಲ್ಬ್ ಹಚ್ತೀನಿ:
ಅರವತ್ತರ ಬಲ್ಬು, ಎರಡು ವೈರು,
ಒಮ್ಮೆ ಪಳ್ ಅಂದು ಆರಿತು.
ಸಿಟ್ಟು ಇಳೀತು, ಈಗ ಕೈ ಹಾಕಬಹುದು.

ಫ್ಯೂಸ್ ಸರಿ. ಬ್ರಿಡ್ಜ್ ಸರಿ.
ಐದಿರಬೇಕಾದಲ್ಲಿ ಬರೋಬರಿ ಐದು,
ಹನ್ನೆರಡರಲ್ಲಿ ಬರೋಬರಿ ಹನ್ನೆರಡು.
ಯಾರೂ ಏನೂ ಬೇಡದಿದ್ದಾಗ
ಎಲ್ಲರೂ ಹಿಂಗೇ ದಾನಶೂರರು.
ಮೇನ್ ಬೋರ್ಡಿನ ಕೇಬಲ್ ಚುಚ್ಚಿದೆ, ಭಾರ ಹೊರು ಅಂದೆ.
ಹನ್ನೆರಡು ಹತ್ತಾತು, ಏಳಾತು,
ಕುಂತೇ ಬಿಡ್ತು.
ಮಿಣುಕ್.
ಮಿಣುಕ್.

ಹೊಟ್ಟಿ ಉಬ್ಬಿದ್ದು ಒಂದೂ ಇಲ್ಲ.
ಎಲ್ಲಾ ಕೆಪಾಸಿಟರ್ ತಲಿ ಸಪಾಟ, ಎಲ್ಲಾ ಸಂಭಾವಿತರು.
ಗುರುಲಿಂಗಪ್ಪನ ಹೇರ್ ಡ್ರೈಯರ್ ತರಿಸಿದೆ,
ಮದಿಮಗನ ಕ್ರಾಪಿಗಿ ಅಂತ ಇಟ್ಟಿದ್ದು.
ರಟ್ಟಿನ ಕೊಳವಿ ಮಾಡಿ
ಒಂದೊಂದರ ಮೈಮ್ಯಾಲ ಬಿಸಿ ಉಸಿರು ಬಿಟ್ಟೆ.
ಮೊದಲಿನದು: ಇಲ್ಲ.
ಎರಡನೇದು: ಇಲ್ಲ, ಗೋಂದಿನ ವಾಸನಿ ಅಷ್ಟೇ.
ಮೂರನೇದಕ್ಕ ಹಿಡಿದೆ,
ಪರದಿ ಕಣ್ಣು ಬಿಟ್ಟಿತು.

ಆರು ವರ್ಷ ಹೀಟ್‌ಸಿಂಕಿನ ಮಗ್ಗಲಿಗೇ ಕೂತು
ಒಳಗೊಳಗೇ ಒಣಗಿದ್ದು ಅದು.
ಯಾವ ಬಿಸಿ ಅದನ್ನ ಕೆಡಿಸಿತ್ತೋ
ಅದೇ ಬಿಸಿ ತಾಕದ ಹೊರತು
ಈಗ ಹಾಸಿಗಿ ಬಿಡವಲ್ದು.
ನಮ್ಮೂರ ಮೇ ತಿಂಗಳು ಇದರ ರೋಗ ಮುಚ್ಚಿಟ್ಟಿತ್ತು.

ಕಾವಿ ಕಾಯಿಸಿದೆ, ರಾಳದ ಹೊಗಿ ಎದ್ದಿತು,
ಹಳೇದು ಕಿತ್ತು ಹೊಸಾದು ನೆಟ್ಟೆ,
ಹದಿನೈದು ರೂಪಾಯಿದು.
ಉದ್ದನ ಕಾಲು ಪ್ಲಸ್, ಮರೀಬ್ಯಾಡ ಅಂತ
ಅಬ್ಬಾ ಇದ್ದಿದ್ರ ಇನ್ನೂ ಹೇಳ್ತಿದ್ರು.

ಮೂರು ಗಂಟೆಗಿ ಚಿತ್ರ ನೋಡಿ ಗುರುಲಿಂಗಪ್ಪ ಟವೆಲ್ ಝಾಡಿಸಿದ:
"ಕೊಡಕ್ಕ, ಹೋಗ್ತೀನಿ."
"ಇಲ್ಲ. ಮಧ್ಯಾಹ್ನದ ಮಾತು ನಾನು ನಂಬಂಗಿಲ್ಲ.
ರಾತ್ರಿ ಮಾಳಿಗಿ ಮ್ಯಾಲ ಬಿಡ್ತೀನಿ,
ನಾಳೆ ಆರಕ್ಕ ಬಾ."

ಆರಕ್ಕ ಬಂದ, ಕಿವಿಗಿ ಮಫ್ಲರ್ ಕಟ್ಟಿ.
ಪರಸಿ ಕಲ್ಲು ಪಾದದಾಗಿಂದ ಮಂಡಿಗಿ ಹತ್ತುವಂಥ ಚಳಿ.
ಟಿ.ವಿ. ಹಿಂದ ಮಂಜಿನ ಪಸೆ; ಒರೆಸಿದೆ.
ಮನಿ ಕೇಬಲ್ ಎಳೆದು, ಸ್ಪೀಕರಿನ ವೈರು
ಈಗ ಸೇರಿಸಿ, ಗುಂಡಿ ಒತ್ತಿದೆ.

ಕೆಂಪು.
ಅವ ಉಸಿರು ಹಿಡಿದ. ನಾನು ಎಣಿಸಿದೆ,
ಒಂದು, ಎರಡು, ಮೂರು,

ಅಯ್ಯೋ ಆ ದನಿ!
ಕತ್ತರಿ, ಫ್ಯಾನು, ಫರ್ಸಿ ಲಾರಿ ಎಲ್ಲಾ ಮೀರಿ
ಕೇಳಲಿ ಅಂತ ಅವನೇ ಏರಿಸಿಟ್ಟ ದನಿ
ಓಣಿಗೆಲ್ಲ ಒದರಿತು:
ಕಲಬುರಗಿ, ಕನಿಷ್ಠ ಹನ್ನೊಂದು ಡಿಗ್ರಿ.

"ಯಾರಲೇ ಅದು!" ಆಚಿ ಮಾಳಿಗಿಯಿಂದ ಚಾದರ ಎದ್ದಿತು.
"ರಿಮೋಟ್ ಎಲ್ಲ್ಯದ?" ಅಂದೆ.
"ಅಂಗಡ್ಯಾಗ" ಅಂದ, ಕಿವಿ ಮುಚ್ಚಿಕೊಂಡು, ನಗುತ್ತ.

ಪ್ಲಗ್ ಕಿತ್ತೆ.
ಓಣಿ ಸುಮ್ಮನಾತು.
ಕೆಂಪು ದೀಪ ಮಾತ್ರ ಇನ್ನೊಂದು ಗಳಿಗಿ
ಹಂಗೇ ಇತ್ತು,
ಮಿಣುಕಲಿಲ್ಲ.